ಸಪ್ಪಲಮ್ಮನ ಅಂಗಳದ ಗರಿಕೆ

ನನ್ನ ವಾರಗಿತ್ತಿ ಸಪ್ಪಲಮ್ಮನಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡು ಇಪ್ಪತ್ತೈದು ವರ್ಷ ಬಾಳಿದ್ದೇನೆ. ಅವಳ ಗಂಡ ಮಾರಿಯಪ್ಪ ನನ್ನ ಗಂಡನ ಅಣ್ಣ, ಪಾಲಕೋಡಿನ ಟೊಮೇಟೊ ಮಂಡಿಯಲ್ಲಿ ತೂಕ ಹಾಕುವ ಕೆಲಸ. ನಮ್ಮ ಎರಡು ಮನೆಗಳಿಗೂ ನಡುಗೋಡೆ ಒಂದೇ. ನಮ್ಮ ಬಾಗಿಲು ಗುಡ್ಡದ ಕಡೆಗೆ, ಮಟ್ಟಸವಾದ ಜಾಗ. ಅವರ ಬಾಗಿಲು ರಸ್ತೆಯ ಕಡೆಗೆ, ಹೊಸಿಲು ದಾಟಿದರೆ ಇಳಿಜಾರು. ನಾನು ಹೊಸೂರು ಕಡೆಯವಳು, ಏಳನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ತಮಿಳುನಾಡಿಗೆ ಸೇರಿದ ಈ ಊರಿನಲ್ಲಿ ಮಾತು ಕನ್ನಡ, ಅಕ್ಷರ ತಮಿಳು. ಹಾಗಾಗಿ ಇದನ್ನು ಬರೆಯುವ ಕೆಲಸ ನನ್ನ ತಲೆಗೇ ಬಂತು.

ಆ ಅಂಗಳದಲ್ಲಿ ಏನಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಡುವುದು ನನಗೆ ಆಗದು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಸಪ್ಪಲಮ್ಮನಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಒಂಬತ್ತನೇ ದಿನ ಹೋಯಿತು. ಹೆಸರಿಡುವ ಶಾಸ್ತ್ರ ಹನ್ನೊಂದಕ್ಕೆ ಇತ್ತು, ಆದ್ದರಿಂದ ಅದಕ್ಕೆ ಹೆಸರೂ ಇಲ್ಲ. ನಮ್ಮತ್ತೆ ಮಾದಮ್ಮನ ಮನೆತನದಲ್ಲಿ ಒಂದು ರೂಢಿ. ಹಲ್ಲು ಮೂಡದ ಕೂಸನ್ನು ಸುಡುಗಾಡಿಗೆ ಒಯ್ಯಬಾರದು, ತಾಯಿಯ ಕಣ್ಣಳತೆಯಲ್ಲೇ ಮಣ್ಣಿಗೆ ಕೊಡಬೇಕು. ಮೇಲೆ ಕಲ್ಲು ಇಡಬಾರದು, ಗಿಡ ನೆಡಬಾರದು, ಯಾವ ಗುರುತೂ ಮಾಡಬಾರದು. ಗುರುತು ಮಾಡಿದರೆ ಕೂಸು ಅಲ್ಲೇ ಕಟ್ಟಿಬೀಳುತ್ತದೆ, ಅದೇ ಹೊಟ್ಟೆಗೆ ತಿರುಗಿ ಬರುವುದಿಲ್ಲ. ಹೊಸಿಲಿನಿಂದ ಏಳು ಹೆಜ್ಜೆ ಕೆಳಗೆ ಹೂತರು. ಗುರುತು ಮಾಡದೆ ಇದ್ದರೂ ಕೂಸು ತಿರುಗಿ ಬರಲಿಲ್ಲ, ಬೇರೆ ಮಗುವೂ ಆಗಲಿಲ್ಲ.

ನಾನು ಮದುವೆಯಾಗಿ ಬಂದ ಮಾರನೇ ಬೆಳಿಗ್ಗೆ ಅವಳು ಅಂಗಳ ಗುಡಿಸುವುದನ್ನು ನೋಡಿದೆ. ಕಡ್ಡಿಪೊರಕೆ ಹಿಡಿದು ಹೊಸಿಲಿನಿಂದ ಶುರುಮಾಡಿ ಕೆಳಕ್ಕೆ ಕೆಳಕ್ಕೆ ಗುಡಿಸಿಕೊಂಡು ಹೋಗುವಳು. ಬಾಗಿಲ ಕಸವನ್ನು ಯಾವತ್ತೂ ಹೊರಕ್ಕೇ ತಳ್ಳಬೇಕು, ಒಳಮುಖವಾಗಿ ಗುಡಿಸಿದರೆ ಮೂದೇವಿಯನ್ನು ಕರೆದಂತೆ. ಏಳನೇ ಹೆಜ್ಜೆಗೆ ಬಂದಾಗ ಪೊರಕೆ ಹಗುರವಾಗುತ್ತಿತ್ತು, ಅಷ್ಟೇ. ಆಮೇಲೆ ಸಗಣಿ ನೀರು ಚಿಮುಕಿಸಿ ರಂಗೋಲಿಯ ಕೋಲ ಹಾಕಿ ಒಳಗೆ ಬರುತ್ತಿದ್ದಳು. ಜ್ವರ ಇರಲಿ, ಮಳೆ ಇರಲಿ, ಅದು ತಪ್ಪುತ್ತಿರಲಿಲ್ಲ. ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಚಿಗುರಿದರೆ ಉಗುರಿನಲ್ಲಿ ಚಿವುಟಿ ತೆಗೆಯುತ್ತಿದ್ದಳು. ಮಗುವನ್ನು ಮಲಗಿಸಿದ ಜಾಗ ಚೊಕ್ಕಟವಾಗಿರಬೇಕಲ್ಲ.

ತೊಂಬತ್ತೊಂದರಲ್ಲಿ ಕೆಳಗಿನ ಗಾಡಿದಾರಿಯನ್ನು ಅಗಲ ಮಾಡಿ ತಾರು ಹಾಕಿದರು. ಕಬ್ಬಿನ ಲಾರಿ ಮಿಲ್ಲಿಗೆ ಹೋಗಬೇಕಿತ್ತು. ಇಳಿಜಾರಿನ ಬುಡವನ್ನು ಎರಡು ಆಳುದ್ದ ಒಳಕ್ಕೆ ಕಡಿದರು. ಅಲ್ಲಿಂದ ಮೇಲಿನ ಮಣ್ಣಿಗೆ ಆಸರೆ ಹೋಯಿತು. ನಾನು ಬಂದಾಗ ಅವರ ಬಾಗಿಲಿಗೆ ಇದ್ದದ್ದು ಒಂದೇ ಮೆಟ್ಟಿಲು. ಮಾರಿಯಪ್ಪ ಎಂಬತ್ತರಲ್ಲಿ ಇನ್ನೊಂದು ಕಲ್ಲು ಇಟ್ಟ, ತೊಂಬತ್ತೆರಡರಲ್ಲಿ ಮತ್ತೊಂದು, ತೊಂಬತ್ತೈದರಲ್ಲಿ ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆ ಮುಗಿದ ಮೇಲೆ ನಾಲ್ಕನೆಯದು. ಅಂಗಳದ ಬೇವಿನ ಮರದ ಬೇರುಗಳು ಹೊರಗೆ ಬಂದು ಬಾಗಿಲಿಗೆ ಬರುವವರನ್ನು ಎಡವಿಸುತ್ತಿದ್ದವು.

ನಾಲ್ಕನೇ ಕಲ್ಲು ಇಟ್ಟ ದಿನ ಸಪ್ಪಲಕ್ಕ ನಮ್ಮ ಒಲೆಯ ಹತ್ತಿರ ಬಂದು ಕೂತಳು. ಅವಳಾಗಿ ಬಂದು ಕೂರುವ ಪೈಕಿ ಅಲ್ಲ.

"ಮೇನಕಾ, ಎಷ್ಟು ಆಳಕ್ಕೆ ಮಡಗಿದ್ರೋ ನಂಗೆ ಗೊತ್ತಿಲ್ಲ. ನಾನು ಒಳಗೆ ಮಲಗಿದ್ದೆ" ಅಂದಳು.

"ಬಾವನ್ನ ಕೇಳಕ್ಕ."

"ಇಪ್ಪತ್ತೆಂಟು ವರ್ಸ ಕೇಳಿಲ್ಲ. ಈಗ ಎಂಗೆ ಕೇಳ್ಲಿ?"

ನಾನು ಕೇಳಿದೆ. ನನಗೇನು, ನನ್ನ ಬಾಯಿಗೆ ಬಾಗಿಲೇ ಇಲ್ಲ ಎಂದು ನನ್ನ ಗಂಡನೇ ಹೇಳುತ್ತಾನೆ. ಮಾರಿಯಪ್ಪ ಕಾಲು ತೊಳೆಯುತ್ತಿದ್ದವನು ಚೆಂಬು ಕೆಳಗಿಟ್ಟ. "ಮೊಣಕಾಲುದ್ದಕ್ಕಿಂತ ಒಂದು ಗೇಣು ಜಾಸ್ತಿ. ಅಪ್ಪ ಅಗೆದ, ನಾನು ಬಟ್ಟೆ ಸುತ್ತಿ ಇಡ್ಕೊಂಡಿದ್ದೆ. ಕೆಳಗೆ ಬಂಡೆ ಸಿಕ್ತು. ಅದ್ರ ಮ್ಯಾಲೆ ಮಲಗಿಸಿದ್ವಿ" ಅಂದ.

ಸಪ್ಪಲಕ್ಕ ಆಚೆ ಹೋಗಿ ಮೆಟ್ಟಿಲಿನ ಪಕ್ಕ ನಿಂತು ಸೀರೆ ತುಸು ಎತ್ತಿಕೊಂಡಳು. ಹೊಸದಾಗಿ ಇಟ್ಟ ಮೂರು ಕಲ್ಲುಗಳ ಎತ್ತರ ಅವಳ ಮೊಣಕಾಲಿಗೆ ಸರಿಯಾಗಿ ಬಂತು. ಉಳಿದದ್ದು ಒಂದು ಗೇಣು ಮಣ್ಣು.

ಆ ಒಂದು ಗೇಣನ್ನು ಉಳಿಸಿಕೊಳ್ಳುವುದಕ್ಕೆ ಏನು ಹಾಕಬೇಕು? ಮುಂದಿನ ಆರೇಳು ತಿಂಗಳು ಎರಡೂ ಮನೆಯಲ್ಲಿ ಇದೇ ಮಾತು. ಮಾರಿಯಪ್ಪ ಹುರುಳಿ ಅಂದ.

"ಉಳ್ಳಿ ಎರಚಿಬಿಡನ. ಮೂರು ದಿನಕ್ಕೆ ಮೊಳಕೆ, ತಿಂಗಳಿಗೆಲ್ಲ ನೆಲ ಮುಚ್ತದೆ."

"ಆಮ್ಯಾಕೆ?" ಸಪ್ಪಲಕ್ಕ ಕೇಳಿದಳು.

"ಆಮ್ಯಾಕೆ ಏನು, ಕಿತ್ತು ಬಡಿಯೋದು."

"ಆ ಕಾಳ್ನ ಯಾರು ತಿಂತಾರೆ?"

ಅವನು ಮತ್ತೆ ಹುರುಳಿಯ ಮಾತು ಎತ್ತಲಿಲ್ಲ. ನಾನು ಹಿಂದೆ ಮುಂದೆ ನೋಡದೆ ಗೆಣಸಿನ ಬಳ್ಳಿ ಹಬ್ಬಿಸಕ್ಕ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಗೆಣಸನ್ನು ಅಗೆದು ತೆಗೆಯಬೇಕು ಎಂಬುದು ನನಗೆ ಆಗ ಹೊಳೆಯಿತು. ನನ್ನ ನಾಲಗೆಯನ್ನು ನಾನೇ ಕಚ್ಚಿಕೊಂಡೆ.

ನನ್ನ ಗಂಡ ಮುನಿರಾಜ್ ಬಸ್ ಕಂಡಕ್ಟರ್. ಸೇಲಂನಲ್ಲಿ ಯಾವುದೋ ಡಾಕ್ಟರ ಬಂಗಲೆ ನೋಡಿ ಬಂದು, ಕೊರಿಯನ್ ಹುಲ್ಲು ಅಂತ ಇದೆಯಂತೆ, ಚಾಪೆಯ ಹಾಗೆ ಸುತ್ತಿ ಕೊಡುತ್ತಾರಂತೆ, ಬಿಚ್ಚಿ ಹಾಸಿದರೆ ಆಯಿತಂತೆ ಎಂದ.

"ನೀರು?" ಎಂದೆ.

"ದಿನಾ ಎರಡು ವೇಳೆ ಬಿಡ್ಬೇಕಂತೆ."

"ನಲ್ಲಿ ಬರೋದು ಎರಡು ದಿನಕ್ಕೊಂದ್ಸಲ. ನೀನು ಸ್ನಾನ ಮಾಡಿ ಮೂರು ದಿನ ಆಯ್ತು, ಉಲ್ಲಿಗೆ ದಿನಾ ಎರಡು ಸ್ನಾನ ಮಾಡಿಸ್ತೀಯಾ?"

ಸಪ್ಪಲಕ್ಕ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಬೆರಳಲ್ಲಿ ಎಣಿಸುವಷ್ಟು ಸಲ, ಅದಕ್ಕೇ ಇದನ್ನೂ ಬರೆದೆ.

ಮಾರನೇ ವರ್ಷ ಜೂನ್ ಕೊನೆಗೆ, ಆನಿ ತಿಂಗಳಲ್ಲಿ, ಪ್ರಭಾಕರ್ ಎಂಬ ಹುಡುಗ ಬಂದ. ಮಣ್ಣು ಸಂರಕ್ಷಣೆಯ ಆಫೀಸಿನವನು, ಪೆನ್ನಾಗರದ ಕಡೆಯ ನಮ್ಮ ಮಾತಿನವನೇ. ಹೊಲದ ಬದುಗಳಿಗೆ ನೆಡಿ ಎಂದು ಲಾವಂಚದ ಸಸಿಗಳನ್ನು ಊರೂರಿಗೆ ಹಂಚುತ್ತಿದ್ದ. ನಾನೇ ಕರೆದುಕೊಂಡು ಬಂದು ಅಂಗಳ ತೋರಿಸಿದೆ. ಇಳಿಜಾರಿಗೆ ಅಡ್ಡವಾಗಿ ಮೂರು ಸಾಲು ಕಾಲುವೆ ತೋಡಿ ಒತ್ತೊತ್ತಾಗಿ ನೆಡಬೇಕು ಎಂದ. ಸಪ್ಪಲಕ್ಕ ಒಂದು ಕಟ್ಟು ಸಸಿ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು.

"ಬೇರು ಎಷ್ಟು ದೂರ ಓಗ್ತೈತಪ್ಪ?"

ಅವನು ಹೆಮ್ಮೆಯಿಂದಲೇ ಹೇಳಿದ. "ಹತ್ತಡಿ ಓಗ್ತದಮ್ಮ. ಪಕ್ಕಕ್ಕೆ ಹರಡಲ್ಲ, ನೇರ ಕೆಳಕ್ಕೆ. ಬಂಡೆ ಸಂದಿ ಸಿಕ್ರೂ ತೂರ್ಕೊಂಡು ಓಗ್ತದೆ. ಅಡ್ಡ ಏನಿದ್ರೂ ಬಿಡಲ್ಲ."

ಅವಳು ಸಸಿಯ ಕಟ್ಟನ್ನು ಅವನ ಮೊಪೆಡ್ಡಿನ ಮೇಲೆ ಮೆಲ್ಲಗೆ ಇಟ್ಟಳು. "ಬ್ಯಾಡಪ್ಪ" ಅಂದಳು.

ಹುಡುಗನ ಮುಖ ಸಣ್ಣದಾಯಿತು. ಅಂಗಳದಲ್ಲಿ ಏನಿದೆ ಎಂದು ಅವನಿಗೆ ಯಾರು ಹೇಳುತ್ತಾರೆ? ಬೇಡವೆಂದ ಮೇಲೆ ಹೊರಟುಹೋಗಬಹುದಿತ್ತು. ಕೆಲಸದಲ್ಲಿ ಶ್ರದ್ಧೆ ಇದ್ದವನು, ಬೇವಿನ ಬೇರಿನ ಹತ್ತಿರ ಕೂತು ಅಂಗೈಯಲ್ಲಿ ನೆಲ ಸವರಿ, ಪೊರಕೆಯ ಗೀರುಗಳನ್ನು ನೋಡಿದ. "ದಿನಾ ಗುಡಿಸ್ತೀರಾ?" ಎಂದು ಕೇಳಿದ.

"ದಿನಾ."

"ಎಷ್ಟು ವರ್ಷದಿಂದ?"

ಅವಳಿಗಿಂತ ಮೊದಲು ನಾನೇ ಬಾಯಿ ಹಾಕಿದೆ, ಇಪ್ಪತ್ತೊಂಬತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ, ನಿಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಕೆಲಸ ಮಾಡಿದ್ದಾರಾ ಎಂದೆ. ಜಂಬ ನನ್ನದು.

"ಅಮ್ಮ, ಮಳೆ ವರ್ಷಕ್ಕೆ ಮೂವತ್ತು ದಿನ ಬರ್ತದೆ. ಪೊರಕೆ ಮುನ್ನೂರ ಅರವತ್ತೈದು ದಿನಾನೂ ಬರ್ತದೆ. ಉಲ್ಲು ಹುಟ್ಟಕ್ಕೆ ಬಿಡ್ದೆ, ಬಿಡಿ ಮಣ್ಣನ್ನ ಇಳಿಜಾರಿಗೆ ತಳ್ತಾ ಬಂದಿದೀರಿ. ಇದ್ರಲ್ಲಿ ಮುಕ್ಕಾಲು ಪಾಲು ಮಳೆ ತಕೊಂಡೋಗಿದ್ದಲ್ಲ. ನೀವು ಗುಡಿಸಿದ್ದು."

ನಾನು ಅವನನ್ನು ಬೈದು ಕಳಿಸಿದೆ. ಮೂಗು ಸೋರುವ ವಯಸ್ಸಿನವನು ನಮಗೆ ಅಂಗಳ ಗುಡಿಸುವುದನ್ನು ಕಲಿಸುತ್ತಾನೆ ಎಂದು ರಸ್ತೆಯವರೆಗೂ ಬೈದೆ. ತಿರುಗಿ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತು ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಸತ್ಯ ಹೇಳಿದವನನ್ನು ಬೈದೆ ಎಂದು ನನಗೂ ಆಗಲೇ ಗೊತ್ತಾಗಿತ್ತು. ಮಾರನೇ ಬೆಳಿಗ್ಗೆ ಅವಳು ಪೊರಕೆ ಹಿಡಿದು ಹೊಸಿಲ ಹತ್ತಿರ ಬಂದು ನಿಂತಳು, ಸುಮಾರು ಹೊತ್ತು ನಿಂತು, ಪೊರಕೆಯನ್ನು ಹಿತ್ತಲಿಗೆ ಒಯ್ದು ಇಟ್ಟಳು.

ಕೊನೆಗೆ ಗರಿಕೆ ಎಂದು ಅವಳೇ ತೀರ್ಮಾನ ಮಾಡಿದಳು. ಅದಕ್ಕೆ ಗುಂಡಿ ಬೇಡ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಮೇಲುಮೇಲೆ ಒತ್ತಿದರೆ ಸಾಕು. ದೇವರ ತಲೆಯ ಮೇಲೆ ಇಡುವ ಹುಲ್ಲು, ಮಗುವಿನ ಮೇಲೆ ಇದ್ದರೆ ತಪ್ಪೇನು? ಒಂದೇ ತೊಡಕು. ನಮ್ಮಲ್ಲಿ ಬಾಗಿಲ ಮುಂದೆ ಹುಲ್ಲು ಬೆಳೆಯುವುದು ಮನುಷ್ಯರಿಲ್ಲದ ಮನೆಗೆ. ಶಾಪ ಹಾಕುವಾಗ 'ನಿನ್ನ ಮನೆ ಎಕ್ಕುಟ್ಟೋಗ' ಎಂದು ಸುಮ್ಮನೆ ಅನ್ನುತ್ತಾರೆಯೇ? ಗುಡಿಸುವ ಕೈ ಇಲ್ಲದ ಕಡೆ ಮೊದಲು ಹುಲ್ಲು, ಆಮೇಲೆ ಎಕ್ಕದ ಗಿಡ. ಇದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾರನೇ ತಿಂಗಳು, ಆಡಿಯ ಸೋನೆ ಹಿಡಿದ ದಿನ, ಕೆರೆ ಏರಿಯಿಂದ ಎರಡು ಬುಟ್ಟಿ ಗರಿಕೆ ಕಿತ್ತು ತಂದಳು. ಕುಡುಗೋಲಿನ ತುದಿಯಲ್ಲಿ ನೆಲ ಕೆರೆದು, ಒಂದೊಂದೇ ಎಳೆ ಮಲಗಿಸಿ, ಬೆರಳಲ್ಲಿ ಒತ್ತಿ, ಸಗಣಿ ನೀರು ಹಾಕಿದಳು. ಏಳನೇ ಹೆಜ್ಜೆಯಿಂದ ಶುರುಮಾಡಿದಳು. ನಾಲ್ಕು ದಿನ ಮಂಡಿಯೂರಿಯೇ ಇದ್ದಳು. ನಾನು ಮಾಡುತ್ತೇನೆ ಬಿಡಕ್ಕ ಎಂದರೆ, "ನಿನ್ ಕೈ ಜೋರು ಕಣೆ" ಅಂದಳು.

ಗರಿಕೆ ಹಿಡಿಯಿತು. ಎರಡು ತಿಂಗಳು ಕಳೆದು ಪುರಟ್ಟಾಸಿ ಬಂದಾಗ ಹೊಸಿಲಿನಿಂದ ರಸ್ತೆಯ ಅಂಚಿನವರೆಗೆ ಹಸಿರು. ಒಂದು ಸಂಜೆ ಅರ್ಧ ಗಂಟೆ ಜೋರು ಮಳೆ ಹೊಯ್ದಿತು. ಅವಳು ಗೋಣಿ ಹೊದ್ದುಕೊಂಡು ರಸ್ತೆಗೆ ಇಳಿದು, ಮೇಲಿನಿಂದ ಬರುವ ನೀರನ್ನು ಬೊಗಸೆಯಲ್ಲಿ ಹಿಡಿದು ನನಗೆ ತೋರಿಸಿದಳು.

"ನೋಡೇ ಮೇನಕಾ, ತಿಳಿ ಐತೆ."

ಆ ಬೊಗಸೆ ನೀರನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ಮನೆಯವರು ಸುಖವಾಗಿದ್ದದ್ದು ಅಷ್ಟೇ ದಿನ.

ಎದುರುಮನೆ ಸಿದ್ದಲಕ್ಷ್ಮಮ್ಮ ಒಂದು ದಿನ ರಸ್ತೆಯಲ್ಲೇ ನಿಂತು, "ಉಲ್ಲು ಬಂತು, ಇನ್ನು ಎಕ್ಕ ಒಂದು ಬಾಕಿ" ಅಂದಳು. ನಾನು ಅವಳ ಮೂರು ತಲೆಮಾರನ್ನು ಬೀದಿಗೆ ಎಳೆದೆ. ಊರಿನ ಬಾಯಿಗೆ ಬೀಗ ಹಾಕುವುದಕ್ಕೆ ಆಗುತ್ತದೆಯೇ? ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯಿತು. ಮುತ್ತೈದೆ ಇರುವ ಮನೆಯಲ್ಲಿ ಪೊರಕೆ ಇಲ್ಲ, ಕೋಲ ಇಲ್ಲ ಎಂದು ಎಲ್ಲರೂ ಆಡಿಕೊಂಡರು. ಅಷ್ಟರಲ್ಲಿ ಸಪ್ಪಲಕ್ಕನಿಗೆ ಮುಟ್ಟು ನಿಲ್ಲದೆ ಹೋಗಲು ಶುರುವಾಯಿತು. ಇಪ್ಪತ್ತು ದಿನ ಯಾರಿಗೂ ಹೇಳದೆ ಬಟ್ಟೆ ಒಗೆದುಕೊಂಡಿದ್ದಳು. ಒಂದು ದಿನ ಬಾವಿಕಟ್ಟೆಯ ಹತ್ತಿರ ಬಿದ್ದಳು. ಧರ್ಮಪುರಿ ಆಸ್ಪತ್ರೆಗೆ ಸೇರಿಸಿದೆವು. ಗರ್ಭಕೋಶ ತೆಗೆಯಲೇಬೇಕು ಎಂದರು, ತೆಗೆದರು. ಅದಾದ ಮೇಲೂ ರಕ್ತ ಹೋಗುವುದು ನಿಲ್ಲಲಿಲ್ಲ. ಬೆಳಗಾಗುವವರೆಗೆ ನಾವು ಏನೂ ಹೇಳುವುದಕ್ಕಾಗದು ಎಂದರು ಡಾಕ್ಟರಮ್ಮ.

ಅವಳ ಪಕ್ಕದಲ್ಲಿ ಮಾರಿಯಪ್ಪನ ತಂಗಿಯನ್ನು ಬಿಟ್ಟು, ಬಟ್ಟೆ ಮತ್ತು ಗಂಜಿ ತರಲು ನಾನು ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ. ಸಿದ್ದಲಕ್ಷ್ಮಮ್ಮ ರಸ್ತೆಯಲ್ಲೇ ನಿಂತಿದ್ದಳು. ಈ ಸಲ ಕೊಂಕು ಇರಲಿಲ್ಲ, ಅವಳ ಕಣ್ಣಲ್ಲಿ ನೀರಿತ್ತು.

"ಮೇನಕಾ, ನಿನ್ ಕಾಲು ಇಡ್ಕೊಂತೀನಿ, ಆ ಉಲ್ಲು ಕೀಳು. ಸತ್ತ ಕೂಸಿಗೋಸ್ಕರ ಬದುಕಿರೋಳ್ನ ಕಳ್ಕೊಬ್ಯಾಡ್ರಿ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವಳು ಅತ್ತಳು. ಬಾಗಿಲು ನೋಡಿದೆ. ಬೀಗ ಹಾಕಿದ ಬಾಗಿಲು, ಅದರ ಮುಂದೆ ಹುಲ್ಲು. ಯಾರಾದರೂ ಹೊಸಬರು ನೋಡಿದರೆ ಈ ಮನೆಯಲ್ಲಿ ಜನ ಇಲ್ಲ ಎಂದೇ ಅನ್ನುತ್ತಿದ್ದರು. ನಾನು ಏಳನೇ ಕ್ಲಾಸು ಓದಿದವಳು, ಪ್ರಭಾಕರನ ಮಾತು ಪೂರ್ತಿ ಅರ್ಥವಾಗಿದ್ದವಳು. ಆದರೂ ಸಲಿಕೆ ತಂದೆ.

ಹೊಸಿಲಿನಿಂದ ಹೆರೆದುಕೊಂಡು ಬಂದೆ. ಗರಿಕೆ ಚಾಪೆ ಚಾಪೆಯಾಗಿ ಮಣ್ಣು ಕಚ್ಚಿಕೊಂಡೇ ಎದ್ದು ಬಂತು. ಏಳನೇ ಹೆಜ್ಜೆಯ ಹತ್ತಿರ ಸಲಿಕೆ ನಿಲ್ಲಿಸಿದೆ. ಇಷ್ಟು ಜಾಗ ಬಿಟ್ಟುಬಿಡೋಣವೇ ಎಂದುಕೊಂಡೆ. ಅಲ್ಲಿ ಮಾತ್ರ ಹುಲ್ಲು ಉಳಿದರೆ ಅದೇ ಗುರುತಾಗುತ್ತದೆ. ಗುರುತು ಮಾಡಬಾರದು ಎಂದು ಅತ್ತೆ ಹೇಳಿದ್ದು ಕಿವಿಯಲ್ಲಿ ಕೂತಿತ್ತು. ಅದನ್ನೂ ಹೆರೆದೆ. ಆಮೇಲೆ ಗುಡಿಸಿ, ಗಟ್ಟಿಯಾಗಿ ಸಗಣಿ ಸಾರಿಸಿ, ದೊಡ್ಡ ಕೋಲ ಹಾಕಿ, ಗಂಜಿ ಹೊತ್ತುಕೊಂಡು ಸಂಜೆಯ ಬಸ್ಸು ಹತ್ತಿದೆ.

ಬೆಳಗಾಗುವುದರೊಳಗೆ ಅವಳ ರಕ್ತ ನಿಂತಿತು. ಡಾಕ್ಟರಮ್ಮ ಇಂಜೆಕ್ಷನ್ ಬದಲಾಯಿಸಿದ್ದರು, ಎರಡು ಬಾಟಲಿ ರಕ್ತ ಏರಿಸಿದ್ದರು. ನಾನು ಮಾತ್ರ ನನ್ನ ಸಲಿಕೆಯಿಂದಲೇ ನಿಂತಿತು ಎಂದುಕೊಂಡು ಹತ್ತು ದಿನ ಎದೆಯುಬ್ಬಿಸಿಕೊಂಡು ಆಸ್ಪತ್ರೆಯಲ್ಲಿ ಓಡಾಡಿದೆ. ಅವಳಿಗೆ ಹೇಳಲಿಲ್ಲ. ಹೇಳಬೇಕೆಂದು ಬಾಯಿಗೆ ಬಂದಾಗಲೆಲ್ಲ ಗಂಜಿ ಕುಡಿಸಿದೆ. ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ವಿಷಯಕ್ಕೆ.

ಐಪ್ಪಸಿಯ ಮೊದಲ ವಾರ ಆಟೋದಲ್ಲಿ ಕರೆತಂದೆವು. ರಸ್ತೆಯಲ್ಲಿ ಇಳಿದು, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ತಲೆ ಎತ್ತಿ ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಬೋಳು ಅಂಗಳ, ಮಾಸಿದ ಕೋಲ. ನಾನು ಅವಳ ತೋಳು ಹಿಡಿದಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಚೆನ್ನಾಗಿ ಸಾರಿಸಿದೀಯ" ಅಂದಳು.

ಒಂದು ಮೆಟ್ಟಿಲಿಗೆ ಒಂದು ನಿಮಿಷದಂತೆ ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಮತ್ತು ಮಾರಿಯಪ್ಪ ಸಂಜೆಯೇ ಕೆರೆ ಏರಿಗೆ ಹೋಗಿ ಬುಟ್ಟಿ ಬುಟ್ಟಿ ಗರಿಕೆ ತಂದು ಒತ್ತಿದೆವು. ಬೇರು ಹಿಡಿಯುವುದಕ್ಕೆ ಹದಿನೈದು ದಿನ ಬೇಕು. ಮೂರನೇ ದಿನ ಮಳೆ ಬಂತು, ಎರಡು ಹಗಲು ಬಿಡದೆ ಹೊಯ್ದಿತು. ಮಾರಿಯಪ್ಪ ಮಂಡಿಯ ಟಾರ್ಪಾಲು ತಂದು ಅಂಗಳಕ್ಕೆ ಹಾಸಿ ಕಲ್ಲು ಹೇರಿದ. ಗಾಳಿ ಅದನ್ನು ಎತ್ತಿ ಬೇವಿನ ಮರಕ್ಕೆ ಎಸೆಯಿತು. ರಸ್ತೆಯ ಅಂಚು ದೊಪ್ಪೆಂದು ಕುಸಿದ ಶಬ್ದ ನಮ್ಮ ಅಡುಗೆಮನೆಗೂ ಕೇಳಿಸಿತು.

ಮಳೆ ಬಿಟ್ಟ ಬೆಳಿಗ್ಗೆ ಮೂವರೂ ಹೊಸಿಲಲ್ಲಿ ನಿಂತು ನೋಡಿದೆವು. ಏಳನೇ ಹೆಜ್ಜೆಯಲ್ಲಿ ಬಂಡೆ ಕಾಣುತ್ತಿತ್ತು. ತೊಳೆದು ಇಟ್ಟ ಹಾಗೆ ಬೋಳಾಗಿತ್ತು, ಅದರ ಮೇಲೆ ಏನೂ ಇರಲಿಲ್ಲ. ಮಾರಿಯಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದ. ಕೆಳಗೆ ರಸ್ತೆಯ ತುಂಬ ಕೆಸರು, ಅದರ ಮೇಲೆ ಕಬ್ಬಿನ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಆಸ್ಪತ್ರೆಯಲ್ಲಿ ಆರು ತಿಂಗಳು ಬಗ್ಗಬೇಡಿ, ಭಾರ ಎತ್ತಬೇಡಿ ಎಂದಿದ್ದರು. ಮಾರನೇ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಸಪ್ಪಲಕ್ಕ ಪೊರಕೆ ಹಿಡಿದು ರಸ್ತೆಯಲ್ಲಿದ್ದಳು. ಒಂದು ಹಗಲಿನ ಬಿಸಿಲಿಗೆ, ಲಾರಿಗಳ ಚಕ್ರಕ್ಕೆ ಕೆಸರು ಒಣಗಿ ಪುಡಿಯಾಗಿತ್ತು. ಅವಳು ತಾರಿನ ಮೇಲಿನ ಮಣ್ಣನ್ನು ಕೆಳಗಿನಿಂದ ಮೇಲಕ್ಕೆ, ಮನೆಯ ಕಡೆಗೆ ಗುಡಿಸುತ್ತಿದ್ದಳು. ಎದುರುಮನೆಯ ಬಾಗಿಲಲ್ಲಿ ಸಿದ್ದಲಕ್ಷ್ಮಮ್ಮ ನಿಂತಿದ್ದಳು. ಮೂದೇವಿಯನ್ನು ಮನೆಯೊಳಕ್ಕೆ ಗುಡಿಸುತ್ತಿದ್ದಾಳೆ ಎಂದು ಅವಳು ಅನ್ನಬಹುದಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಓಡಿಹೋಗಿ ಪೊರಕೆ ಹಿಡಿದೆ. ಅವಳು ಬಿಡಲಿಲ್ಲ. "ಅಕ್ಕ, ಬೈಯಿ ನನ್ನ. ನಿನ್ ದಮ್ಮಯ್ಯ ಅಂತೀನಿ, ಒಂದ್ಸಲ ಬೈಯಿ" ಅಂದೆ.

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

"ಏನಂತ ಬೈಯ್ಲೆ? ನೀನು ಒಂದಿನ ಗುಡಿಸ್ದೆ. ನಾನು ಇಪ್ಪತ್ತೊಂಬತ್ತು ವರ್ಸ ಗುಡಿಸ್ದೆ."

ಇದಾಗಿ ಮೂರು ವರ್ಷ ಆಯಿತು. ರಸ್ತೆಯಿಂದ ಗುಡಿಸಿ ತಂದು ಬಂಡೆಯ ಮೇಲೆ ಹಾಕಿದ ಮಣ್ಣು ಮುಂದಿನ ಮಳೆಯವರೆಗೆ ಇರುತ್ತದೆ, ಆಮೇಲೆ ಮತ್ತೆ ರಸ್ತೆಗೆ ಇಳಿಯುತ್ತದೆ. ಬೆಳಿಗ್ಗೆ ಲಾರಿಗಳು ಬರುವ ಮೊದಲು ಅವಳು ಕೆಳಗಿನಿಂದ ಮೇಲಕ್ಕೆ ಗುಡಿಸಿಕೊಂಡು ಬರುತ್ತಾಳೆ. ಈಗ ಅವಳಿಗೆ ಬಗ್ಗಿ ಮಣ್ಣು ಎತ್ತುವುದಕ್ಕೆ ಆಗುವುದಿಲ್ಲ, ಹಾಗಾಗಿ ಮೊರ ಹಿಡಿಯುವವಳು ನಾನು.